ಯುದ್ಧದಲ್ಲಾದ ಗಾಯ ದಾಖಲೆಯಲ್ಲಿ ಇಲ್ಲವೇ? ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದ ಮಾಜಿ ಸೈನಿಕರು ಪದೇ ಪದೇ ಕೇಳುವ ಪ್ರಶ್ನೆಗಳು

ಕಾಲಿನೊಳಗೆ ಸ್ಪ್ಲಿಂಟರ್ (ಸಿಡಿದ ಶೆಲ್ಲಿನ ಲೋಹದ ಚೂರು) ಇನ್ನೂ ಕೂತಿದೆ, ಡಿಸ್ಚಾರ್ಜ್ ಬುಕ್ಕಿನಲ್ಲಿ ಮಾತ್ರ ಅದರ ಸುದ್ದಿಯೇ ಇಲ್ಲ. ಇಲ್ಲವೇ ಗಾಯ ಬರೆದಿದ್ದಾರೆ, ಆದರೆ ‘ಫಿಜಿಕಲ್ ಕ್ಯಾಶುವಲ್ಟಿ’ ಎಂದು ಬರೆದಿದ್ದಾರೆ. ಮಧುಗಿರಿಯಿಂದ ಮುಳಬಾಗಿಲಿನವರೆಗೆ ಮಾಜಿ ಸೈನಿಕರು ಹಿಡಿದು ತರುವ ಫೈಲುಗಳಲ್ಲಿ ಹೆಚ್ಚಾಗಿ ಕಾಣುವ ತೊಡಕುಗಳು ಇವೆರಡೇ. ಇದನ್ನು ಸರಿಪಡಿಸಿಕೊಳ್ಳುವ ದಾರಿ ಇದೆ. ಆದರೆ ಆ ದಾರಿ ಶುರುವಾಗುವುದು ಪಿಂಚಣಿ ಅರ್ಜಿಯಿಂದ ಅಲ್ಲ, ಗಾಯವಾದ ದಿನ ಹುಟ್ಟಿದ ಕಾಗದದಿಂದ.

ಬ್ಯಾಟಲ್ ಕ್ಯಾಶುವಲ್ಟಿ, ಫಿಜಿಕಲ್ ಕ್ಯಾಶುವಲ್ಟಿ: ಇವೆರಡಕ್ಕೂ ಏನು ವ್ಯತ್ಯಾಸ?

ಶತ್ರುವಿನ ಗುಂಡು, ಶೆಲ್, ಮೈನ್, ಉಗ್ರರ ದಾಳಿ, ಇಂಥದ್ದರಿಂದ ಆದ ಗಾಯ ಬ್ಯಾಟಲ್ ಕ್ಯಾಶುವಲ್ಟಿ. ಕರ್ತವ್ಯದಲ್ಲಿದ್ದಾಗ ಆದ ಅಪಘಾತ, ಕಾಯಿಲೆ, ಆಟದಲ್ಲಿ ಬಿದ್ದ ಪೆಟ್ಟು ಮುಂತಾದವು ಫಿಜಿಕಲ್ ಕ್ಯಾಶುವಲ್ಟಿ. ಭೂಸೇನೆಯಲ್ಲಿ ಈ ವಿಂಗಡಣೆಗೆ ಆಧಾರ 2003ರ 1ನೇ ಆರ್ಮಿ ಆರ್ಡರ್. ನಿಮ್ಮ ಗಾಯ ಯಾವ ಕಡೆಗೆ ಸೇರಬೇಕು ಎಂದು ಮೊದಲು ಬರೆಯುವುದು ನಿಮ್ಮ ಘಟಕ. ಘಟನೆಯ ಬೆನ್ನಿಗೇ ಕ್ಯಾಶುವಲ್ಟಿ ಸಿಗ್ನಲ್ ಹೋಗುತ್ತದೆ, ನಂತರ ಪಾರ್ಟ್-2 ಆರ್ಡರ್ (ಸೈನಿಕನ ಸೇವೆಯ ಘಟನೆಗಳನ್ನು ದಾಖಲಿಸುವ ಆದೇಶ) ಹೊರಡುತ್ತದೆ, ಅದನ್ನು ನೋಡಿ ರೆಕಾರ್ಡ್ ಆಫೀಸಿನವರು ಶೀಟ್ ರೋಲಿನಲ್ಲಿ, ಅಂದರೆ ಸೈನಿಕನ ಸೇವಾ ದಾಖಲೆಯಲ್ಲಿ, ನಮೂದಿಸುತ್ತಾರೆ. ಈ ಸರಪಳಿಯಲ್ಲಿ ಒಂದು ಕೊಂಡಿ ಕಳಚಿದರೂ ಗಾಯ ದಾಖಲೆಗೆ ಬರುವುದಿಲ್ಲ. ಘಟಕ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗುತ್ತಿದ್ದ ಹೊತ್ತಿನಲ್ಲಿ, ಗಾಯಾಳು ಆಸ್ಪತ್ರೆಯಿಂದ ಆಸ್ಪತ್ರೆಗೆ ಸಾಗುತ್ತಿದ್ದ ಹೊತ್ತಿನಲ್ಲಿ ಕೊಂಡಿ ಕಳಚುವುದು ಹೆಚ್ಚು.

ನಾನು ಕೇಳಬೇಕಾದ್ದು ಪಿಂಚಣಿಯೋ, ಪದಕವೋ, ದಾಖಲೆ ತಿದ್ದುಪಡಿಯೋ?

ಮೂರೂ ಬೇರೆ ಬೇರೆ. ಇವನ್ನು ಒಂದೇ ಪತ್ರದಲ್ಲಿ ಕಲಸಿ ಕೇಳಿದರೆ ಪತ್ರ ಮೇಜಿಂದ ಮೇಜಿಗೆ ಸುತ್ತುತ್ತಲೇ ಇರುತ್ತದೆ.

ಮೊದಲನೆಯದು, ಬ್ಯಾಟಲ್ ಕ್ಯಾಶುವಲ್ಟಿ ಎಂಬ ನಮೂದು ಮತ್ತು ಅದರ ಸರ್ಟಿಫಿಕೇಟ್. ಎರಡನೆಯದು ಪರಾಕ್ರಮ ಪದಕ, ಅಂದರೆ ನಮ್ಮವರು ವೂಂಡ್ ಮೆಡಲ್ ಎನ್ನುವುದು. ಇದು ಶತ್ರುವಿನ ನೇರ ಕ್ರಿಯೆಯಿಂದ ಗಾಯಗೊಂಡವರಿಗೆ ಸಿಗುತ್ತದೆ. ಉಗ್ರರ ವಿರುದ್ಧದ ಕಾರ್ಯಾಚರಣೆಗಳೂ ಇದರಲ್ಲಿ ಸೇರಿವೆ. ಮೂರನೆಯದು ಪಿಂಚಣಿಯಲ್ಲಿ ‘ವಾರ್ ಇಂಜುರಿ ಎಲಿಮೆಂಟ್’, ಅಂದರೆ ಯುದ್ಧ ಗಾಯಕ್ಕೆಂದು ಸೇರುವ ಭಾಗ.

ಮೊದಲನೆಯದು ಆಗದೆ ಉಳಿದೆರಡು ಆಗುವುದಿಲ್ಲ. ಹಾಗಾಗಿ ಮೊದಲ ಪತ್ರದಲ್ಲಿ ದಾಖಲೆ ತಿದ್ದುಪಡಿಯನ್ನಷ್ಟೇ ಕೇಳಿ. ಅದು ಕೈಗೆ ಬಂದ ಮೇಲೆ ಪದಕಕ್ಕೆ ಒಂದು ಪತ್ರ, ಪಿಂಚಣಿಗೆ ಇನ್ನೊಂದು ಪತ್ರ.

ಯಾವ ಯಾವ ಗಾಯಗಳನ್ನು ಯುದ್ಧ ಗಾಯ ಎಂದು ಒಪ್ಪುತ್ತಾರೆ?

ಪಿಂಚಣಿಯ ಮಟ್ಟಿಗೆ ಇದನ್ನು ತೀರ್ಮಾನಿಸುವುದು ರಕ್ಷಣಾ ಸಚಿವಾಲಯದ 2001ರ ಜನವರಿ 31ರ ಪತ್ರ. ಅದು ಸಾವು ಮತ್ತು ಅಂಗವೈಕಲ್ಯವನ್ನು ಎ ಇಂದ ಇ ವರೆಗೆ ಐದು ವರ್ಗ ಮಾಡುತ್ತದೆ. ‘ಎ’ ಎಂದರೆ ಸೇವೆಗೆ ಸಂಬಂಧವಿಲ್ಲದ್ದು. ‘ಬಿ’ ಸೇವೆಯ ಪರಿಸ್ಥಿತಿಯಿಂದ ಬಂದ ಕಾಯಿಲೆ. ‘ಸಿ’ ಕರ್ತವ್ಯದಲ್ಲಾದ ಅಪಘಾತ. ‘ಡಿ’ ಕಾರ್ಯಾಚರಣೆಯಲ್ಲಿ ಇಲ್ಲದಿದ್ದಾಗ ಉಗ್ರರ ಅಥವಾ ಸಮಾಜಘಾತುಕರ ಹಿಂಸೆಗೆ ಸಿಕ್ಕಿದ್ದು. ವಾರ್ ಇಂಜುರಿ ಪಿಂಚಣಿ ಸಿಗುವುದು ‘ಇ’ ವರ್ಗಕ್ಕೆ.

‘ಇ’ ವರ್ಗದ ವ್ಯಾಪ್ತಿ ಅನೇಕರು ಅಂದುಕೊಂಡಿರುವುದಕ್ಕಿಂತ ದೊಡ್ಡದು. ಘೋಷಿತ ಯುದ್ಧವೇ ಆಗಿರಬೇಕೆಂದಿಲ್ಲ. ಗಡಿ ಚಕಮಕಿ, ಹೊರದೇಶದಲ್ಲಿ ಶಾಂತಿಪಾಲನೆ, ಮೈನ್ ಹೂಳುವಾಗ ಅಥವಾ ತೆಗೆಯುವಾಗ ಆದ ಸ್ಫೋಟ (ನಮ್ಮದೇ ಮೈನ್ ಆದರೂ), ಕಾರ್ಯಾಚರಣೆಯ ಪ್ರದೇಶಕ್ಕೆ ಹೋಗುವ ದಾರಿಯಲ್ಲಿ ಉಗ್ರರು ಇಟ್ಟ ಸ್ಫೋಟಕ, ಜೀವಂತ ಮದ್ದುಗುಂಡಿನ ಬ್ಯಾಟಲ್ ಇನಾಕ್ಯುಲೇಷನ್ ತರಬೇತಿ, ಸರ್ಕಾರ ವಿಶೇಷವಾಗಿ ಅಧಿಸೂಚಿಸಿದ ಕಾರ್ಯಾಚರಣೆ, ಇವೆಲ್ಲ ಅದರಲ್ಲಿವೆ. ಹಾಗಾಗಿ ‘ನಮ್ಮದೇ ಮೈನ್ ಸಿಡಿದದ್ದು, ಅದು ಆ್ಯಕ್ಸಿಡೆಂಟ್’ ಎಂದು ನಿಮ್ಮ ಗಾಯವನ್ನು ‘ಸಿ’ಗೆ ಹಾಕಿದ್ದರೆ ಅದು ಪ್ರಶ್ನಿಸಲೇಬೇಕಾದ ತಪ್ಪು.

ಇನ್ನೊಂದು ಕಡೆಯನ್ನೂ ಹೇಳಬೇಕು. ಕಾಶ್ಮೀರದಲ್ಲಿದ್ದೆ, ಆಪರೇಷನ್ ರಕ್ಷಕ್ ನಡೆಯುತ್ತಿತ್ತು ಎಂಬುದಷ್ಟರಿಂದಲೇ ಅಲ್ಲಾದ ಎಲ್ಲ ಪೆಟ್ಟೂ ‘ಇ’ ಆಗುವುದಿಲ್ಲ. ಕ್ಯಾಂಪಿನ ಮೆಟ್ಟಿಲಲ್ಲಿ ಜಾರಿ ಬಿದ್ದದ್ದು, ರಜೆಗೆ ಬರುವಾಗ ಬಸ್ ಮಗುಚಿದ್ದು ಇಂಥವನ್ನು ‘ಇ’ ಎಂದು ಕೇಳಿ ವರ್ಷಗಟ್ಟಲೆ ಅಲೆಯುವುದು ಬೇಡ. ಅವುಗಳ ದಾರಿ ಬೇರೆ.

ಸಿಯಾಚಿನ್‌ನಲ್ಲಿ ಹಿಮಕಚ್ಚಿ ಬೆರಳು ಹೋಯಿತು. ಅದೂ ಬ್ಯಾಟಲ್ ಕ್ಯಾಶುವಲ್ಟಿಯೇ?

ಇಲ್ಲಿ ದಾಖಲೆಗಳಲ್ಲಿ ಗೊಂದಲ ಬಹಳ. ನಿಯಂತ್ರಣ ರೇಖೆಯಲ್ಲಿ ಗಸ್ತು ಹೋಗಿದ್ದಾಗ ವಿಪರೀತ ಹವಾಮಾನದಿಂದ ತೀರಿಕೊಂಡ ಸೈನಿಕರೊಬ್ಬರ ಪ್ರಕರಣದಲ್ಲಿ, ಅದನ್ನು ಬ್ಯಾಟಲ್ ಕ್ಯಾಶುವಲ್ಟಿ ಎಂದೇ ನೋಡಬೇಕು ಎಂದು ಸುಪ್ರೀಂ ಕೋರ್ಟ್ 2024ರ ಡಿಸೆಂಬರ್ 3ರಂದು ಹೇಳಿತು. ಆಧಾರವಾಗಿ ಹಿಡಿದದ್ದು ಅದೇ 2003ರ ಆರ್ಮಿ ಆರ್ಡರನ್ನು. ನಿಮ್ಮ ಪತ್ರದಲ್ಲಿ ಈ ತೀರ್ಪನ್ನು ಉಲ್ಲೇಖಿಸಿ. ಅದರ ಜೊತೆಗೆ ನೀವು ಇದ್ದ ಪೋಸ್ಟ್, ಅದರ ಎತ್ತರ, ಆಗಿನ ಕರ್ತವ್ಯ (ಗಸ್ತು, ಸೆಂಟ್ರಿ, ಲಿಂಕ್ ಡ್ಯೂಟಿ), ಕೆಳಗಿಳಿಸಿದ ದಿನ ಇವನ್ನು ಖಚಿತವಾಗಿ ಬರೆಯಿರಿ.

ಹಣದಲ್ಲಿ ಎಷ್ಟು ವ್ಯತ್ಯಾಸವಾಗುತ್ತದೆ?

ನಿವೃತ್ತಿ ಅಥವಾ ಬಿಡುಗಡೆಯ ಸಮಯದಲ್ಲಿ ಅಂಗವೈಕಲ್ಯ 100% ಇದ್ದರೆ ಡಿಸೆಬಿಲಿಟಿ ಎಲಿಮೆಂಟ್ (ಸೇವೆಯಿಂದ ಬಂದ ಇತರ ಅಂಗವೈಕಲ್ಯಕ್ಕೆ ಸೇರುವ ಭಾಗ) ಕೊನೆಯ ವೇತನದ 30%, ವಾರ್ ಇಂಜುರಿ ಎಲಿಮೆಂಟ್ 60%. ನೇರವಾಗಿ ಇಮ್ಮಡಿ. ಅಂಗವೈಕಲ್ಯ ಕಡಿಮೆಯಿದ್ದರೆ ಅದೇ ಪ್ರಮಾಣದಲ್ಲಿ ಇಳಿಯುತ್ತದೆ.

ಲೆಕ್ಕಕ್ಕೆ ಒಂದು ಉದಾಹರಣೆ. ಕೊನೆಯ ವೇತನ 40,000 ರೂಪಾಯಿ, ಮೆಡಿಕಲ್ ಬೋರ್ಡ್ ಕೊಟ್ಟ ಅಂಗವೈಕಲ್ಯ 30% ಎಂದುಕೊಳ್ಳಿ. ಬ್ರಾಡ್ ಬ್ಯಾಂಡಿಂಗ್ ಪ್ರಕಾರ 50%ಗಿಂತ ಕಡಿಮೆ ಇರುವುದನ್ನು 50% ಎಂದೂ, 50ರಿಂದ 75ರವರೆಗಿನದನ್ನು 75% ಎಂದೂ, 76ರಿಂದ ಮೇಲಿನದನ್ನು 100% ಎಂದೂ ಎಣಿಸುತ್ತಾರೆ. ಹಾಗಾಗಿ 30% ಇದ್ದದ್ದು 50% ಆಯಿತು. ಡಿಸೆಬಿಲಿಟಿ ಎಲಿಮೆಂಟ್ ಆದರೆ ತಿಂಗಳಿಗೆ 6,000 ರೂಪಾಯಿ, ವಾರ್ ಇಂಜುರಿ ಆದರೆ 12,000 ರೂಪಾಯಿ. ಸರ್ವಿಸ್ ಪಿಂಚಣಿ ಇದರಿಂದ ಹೊರತು, ತುಟ್ಟಿಭತ್ಯೆಯೂ ಮೇಲೆ ಸೇರುತ್ತದೆ.

ಗಾಯದಿಂದಾಗಿಯೇ ಸೇವೆಯಿಂದ ಹೊರಬಂದವರಿಗೆ, ಅಂದರೆ ‘ಬೋರ್ಡ್ ಔಟ್’ ಆದವರಿಗೆ, ದರ ಇನ್ನೂ ಹೆಚ್ಚು: 100% ಅಂಗವೈಕಲ್ಯಕ್ಕೆ ವಾರ್ ಇಂಜುರಿ ಎಲಿಮೆಂಟ್ ಕೊನೆಯ ವೇತನದಷ್ಟೇ ಇರುತ್ತದೆ. 2001ರ ಆ ಪತ್ರ 1996ರ ಜನವರಿ 1ರಿಂದ ಜಾರಿಗೆ ಬಂದದ್ದು. ಅದಕ್ಕೂ ಮೊದಲು ಸೇವೆ ಬಿಟ್ಟವರಿಗೆ ಹಳೆಯ ಆದೇಶಗಳ ದರ ಮತ್ತು ಅದರ ಮೇಲಿನ ಪರಿಷ್ಕರಣೆಗಳು ಅನ್ವಯಿಸುತ್ತವೆ.

ಬ್ರಾಡ್ ಬ್ಯಾಂಡಿಂಗ್ ಮೊದಲು ಬೋರ್ಡ್ ಔಟ್ ಆದವರಿಗೆ ಮಾತ್ರ ಇತ್ತು. ಅವಧಿ ಮುಗಿಸಿ ಬಂದವರಿಗೂ ಅದು ಸಲ್ಲಬೇಕು ಎಂಬುದನ್ನು ಸುಪ್ರೀಂ ಕೋರ್ಟ್ 2014ರ ಡಿಸೆಂಬರ್ 10ರ ರಾಮ್ ಅವತಾರ್ ತೀರ್ಪಿನಲ್ಲಿ ಸ್ಥಿರಪಡಿಸಿತು. ನಿಮ್ಮ ಪಿಪಿಒದಲ್ಲಿ (ಪಿಂಚಣಿ ಪಾವತಿ ಆದೇಶ) ಇನ್ನೂ 20% ಅಥವಾ 30% ಎಂದೇ ಇದ್ದರೆ ಅದನ್ನೂ ಗುರುತು ಹಾಕಿಟ್ಟುಕೊಳ್ಳಿ.

ಹಣ ಬಿಟ್ಟರೂ ನಮೂದಿಗೆ ಬೆಲೆ ಇದೆ. ಕಾಲೇಜು ಸೀಟಿನ ರಕ್ಷಣಾ ಕೋಟಾದಲ್ಲಿ ಯುದ್ಧದಲ್ಲಿ ಗಾಯಗೊಂಡು ಬೋರ್ಡ್ ಔಟ್ ಆದವರ ಮಕ್ಕಳಿಗೆ ಎರಡನೆಯ ಆದ್ಯತೆ. ಸಾಮಾನ್ಯ ಮಾಜಿ ಸೈನಿಕರ ಮಕ್ಕಳ ಆದ್ಯತೆ ಆರನೆಯದು. ಆ ಸಾಲಿನಲ್ಲಿ ನಾಲ್ಕು ಸ್ಥಾನ ಎಂದರೆ ಸೀಟು ಸಿಗುವುದಕ್ಕೂ ತಪ್ಪುವುದಕ್ಕೂ ಇರುವ ಅಂತರ.

ನನ್ನ ದಾಖಲೆ ಯಾವ ಊರಲ್ಲಿದೆ?

ನೀವು ಸೇರಿದ್ದ ರೆಜಿಮೆಂಟ್ ಅಥವಾ ಕೋರ್‌ನ ರೆಕಾರ್ಡ್ ಆಫೀಸಿನಲ್ಲಿ. ಮದ್ರಾಸ್ ಸ್ಯಾಪರ್ಸ್ ಆದರೆ ಬೆಂಗಳೂರಿನ ಹಲಸೂರು ಕಡೆಯ ಎಂಇಜಿ ರೆಕಾರ್ಡ್ಸ್. ಎಎಸ್‌ಸಿ ದಕ್ಷಿಣ, ಪ್ಯಾರಾಶೂಟ್ ರೆಜಿಮೆಂಟ್, ಮಿಲಿಟರಿ ಪೊಲೀಸ್, ಪಯೋನಿಯರ್ ಕೋರ್ ಇವೂ ಬೆಂಗಳೂರಿನಲ್ಲೇ. ಮದ್ರಾಸ್ ರೆಜಿಮೆಂಟ್ ವೆಲ್ಲಿಂಗ್ಟನ್‌ನಲ್ಲಿ, ಮರಾಠಾ ಲೈಟ್ ಇನ್‌ಫೆಂಟ್ರಿ ಬೆಳಗಾವಿಯಲ್ಲಿ, ಆರ್ಟಿಲರಿ ನಾಸಿಕ್ ರೋಡ್ ಕ್ಯಾಂಪ್‌ನಲ್ಲಿ, ಸಿಗ್ನಲ್ಸ್ ಜಬಲ್ಪುರದಲ್ಲಿ, ಇಎಂಇ ಸಿಕಂದರಾಬಾದ್‌ನಲ್ಲಿ, ಎಎಂಸಿ ಲಖನೌದಲ್ಲಿ. ವಾಯುಪಡೆಯವರದು ದೆಹಲಿಯ ಸುಬ್ರೋತೊ ಪಾರ್ಕ್, ನೌಕಾಪಡೆಯ ನಾವಿಕರದು ಮುಂಬೈ.

ರಾಷ್ಟ್ರೀಯ ರೈಫಲ್ಸ್‌ನಲ್ಲಿದ್ದಾಗ ಗಾಯವಾಗಿದ್ದರೆ ಎಚ್ಚರ. ಆರ್‌ಆರ್‌ಗೆ ಹೋದವರ ದಾಖಲೆ ಮೂಲ ರೆಜಿಮೆಂಟಿನಲ್ಲೇ ಇರುತ್ತದೆ. ಆದರೆ ಕ್ಯಾಶುವಲ್ಟಿ ಸಿಗ್ನಲ್ ಕಳಿಸಿದ್ದು ಆರ್‌ಆರ್ ಬೆಟಾಲಿಯನ್. ಮೂಲ ಘಟಕಕ್ಕೂ ಆರ್‌ಆರ್‌ಗೂ ನಡುವೆ ಕಾಗದ ಕಳೆದುಹೋದ ಪ್ರಕರಣಗಳು ಇವೆ. ಆದ್ದರಿಂದ ಇಬ್ಬರಿಗೂ ಬರೆಯಬೇಕು. ಡಿಎಸ್‌ಸಿಗೆ (ಡಿಫೆನ್ಸ್ ಸೆಕ್ಯುರಿಟಿ ಕೋರ್) ಮತ್ತೆ ಸೇರಿದ್ದವರಿಗೂ ಇದೇ ಮಾತು. ಡಿಎಸ್‌ಸಿ ರೆಕಾರ್ಡ್ಸ್ ಕಣ್ಣೂರಿನಲ್ಲಿದೆ, ಮೊದಲ ಸೇವೆಯ ಗಾಯಕ್ಕೆ ಮೊದಲ ರೆಜಿಮೆಂಟನ್ನೇ ಕೇಳಬೇಕು.

ಮನೆಯ ಟ್ರಂಕಿನಲ್ಲಿ ಏನು ಹುಡುಕಲಿ?

ಡಿಸ್ಚಾರ್ಜ್ ಬುಕ್, ಪಿಪಿಒ ಎಲ್ಲರಲ್ಲೂ ಇರುತ್ತವೆ. ಪಿಪಿಒದಲ್ಲಿ ‘ಡಿಸೆಬಿಲಿಟಿ ಎಲಿಮೆಂಟ್’ ಎಂದಿದೆಯೋ ‘ವಾರ್ ಇಂಜುರಿ ಎಲಿಮೆಂಟ್’ ಎಂದಿದೆಯೋ ಮೊದಲು ನೋಡಿ. ಅದಕ್ಕಿಂತ ಬೆಲೆಬಾಳುವವು ಗಾಯವಾದ ವಾರದ, ತಿಂಗಳಿನ ಕಾಗದಗಳು: ಆಸ್ಪತ್ರೆಯ ಡಿಸ್ಚಾರ್ಜ್ ಸ್ಲಿಪ್, ಐಎಎಫ್‌ವೈ-2006 ಎಂಬ ಇಂಜುರಿ ರಿಪೋರ್ಟ್, ಕೋರ್ಟ್ ಆಫ್ ಎನ್‌ಕ್ವೈರಿಯ ಪ್ರತಿ, ಮೆಡಿಕಲ್ ಕೆಟಗರಿ ಇಳಿಸಿದಾಗ ಮಾಡಿದ ಎಎಫ್‌ಎಂಎಸ್‌ಎಫ್-15 ಎಂಬ ಮೆಡಿಕಲ್ ಬೋರ್ಡ್ ಫಾರಂ, ಬಿಡುಗಡೆಯ ವೇಳೆಯ ಎಎಫ್‌ಎಂಎಸ್‌ಎಫ್-16.

ಮನೆಗೆ ಬಂದ ಟೆಲಿಗ್ರಾಂ ಇದ್ದರೆ ಅದನ್ನು ಜೋಪಾನ ಮಾಡಿ. ‘ನಿಮ್ಮ ಮಗ ಗಾಯಗೊಂಡಿದ್ದಾನೆ’ ಎಂದು ಘಟಕ ಕಳಿಸಿದ ಎರಡು ಸಾಲು ಎಷ್ಟೋ ವರ್ಷಗಳ ನಂತರ ದಿನಾಂಕಕ್ಕೆ ಸಾಕ್ಷಿಯಾಗುತ್ತದೆ. 56 ಎಪಿಒ, 99 ಎಪಿಒ (ಸೇನಾ ಅಂಚೆ ಕಚೇರಿ) ಮುದ್ರೆಯಿರುವ ಇನ್‌ಲ್ಯಾಂಡ್ ಪತ್ರಗಳೂ ಅಷ್ಟೇ. ಲ್ಯಾಮಿನೇಟ್ ಮಾಡಿಸಬೇಡಿ, ಹಳೆಯ ಶಾಯಿ ಆ ಬಿಸಿಗೆ ಹಾಳಾಗುತ್ತದೆ. ಸ್ಕ್ಯಾನ್ ಮಾಡಿಸಿ ಮೂಲವನ್ನು ಪ್ಲಾಸ್ಟಿಕ್ ಕವರಿನಲ್ಲಿಡಿ. ಯಾವ ಕಚೇರಿಗೂ ಮೂಲಪ್ರತಿ ಕೊಡಬೇಡಿ.

ಮನೆಯಲ್ಲಿ ಏನೂ ಇಲ್ಲ. ಆರ್‌ಟಿಐ ಹಾಕಬಹುದೇ?

ಹಾಕಬಹುದು, ಹಾಕಲೇಬೇಕು. ತಿದ್ದುಪಡಿ ಪತ್ರಕ್ಕಿಂತ ಮೊದಲು ಆರ್‌ಟಿಐ. ಅವರ ಫೈಲಿನಲ್ಲಿ ಏನಿದೆ ಎಂದು ತಿಳಿಯದೆ ವಾದಿಸುವುದು ಕತ್ತಲಲ್ಲಿ ಕೈಯಾಡಿಸಿದ ಹಾಗೆ.

ಶುಲ್ಕ 10 ರೂಪಾಯಿ, ಇಂಡಿಯನ್ ಪೋಸ್ಟಲ್ ಆರ್ಡರ್ ಸಾಕು. ದೊಡ್ಡ ಅಂಚೆ ಕಚೇರಿಗಳಲ್ಲಿ ಕೇಳಿ. ಪ್ರತಿ ಪುಟಕ್ಕೆ 2 ರೂಪಾಯಿ. ಉತ್ತರಕ್ಕೆ 30 ದಿನ. ಉತ್ತರ ಬರದಿದ್ದರೆ ಅಥವಾ ಸಾಲದಿದ್ದರೆ 30 ದಿನದೊಳಗೆ ಮೊದಲ ಮೇಲ್ಮನವಿ, ಆಮೇಲೆ 90 ದಿನದೊಳಗೆ ಕೇಂದ್ರ ಮಾಹಿತಿ ಆಯೋಗ.

‘ನನ್ನ ಗಾಯವನ್ನು ಏಕೆ ಬರೆದಿಲ್ಲ?’ ಎಂದು ಕೇಳಬೇಡಿ. ಕಾರಣ ಹೇಳುವುದು ಮಾಹಿತಿಯ ವ್ಯಾಪ್ತಿಗೆ ಬರುವುದಿಲ್ಲ ಎಂದು ಅರ್ಧ ಸಾಲಿನಲ್ಲಿ ಮುಗಿಸುತ್ತಾರೆ. ಪ್ರತಿಗಳನ್ನೇ ಕೇಳಿ: ಶೀಟ್ ರೋಲಿನ ಎಲ್ಲ ಪುಟಗಳ ಪ್ರತಿ, ಇಂಥ ತಿಂಗಳಿನಿಂದ ಇಂಥ ತಿಂಗಳವರೆಗಿನ ನನಗೆ ಸಂಬಂಧಿಸಿದ ಪಾರ್ಟ್-2 ಆರ್ಡರ್‌ಗಳು, ಕ್ಯಾಶುವಲ್ಟಿ ರಿಪೋರ್ಟ್ ಮತ್ತು ಸಿಗ್ನಲ್, ಐಎಎಫ್‌ವೈ-2006, ಕೋರ್ಟ್ ಆಫ್ ಎನ್‌ಕ್ವೈರಿಯ ಅಭಿಪ್ರಾಯ ಮತ್ತು ಅದರ ಮೇಲೆ ಕಮಾಂಡರ್ ಬರೆದದ್ದು, ಎಲ್ಲ ಮೆಡಿಕಲ್ ಬೋರ್ಡ್ ನಡಾವಳಿಗಳು. ಆರ್ಮಿ ನಂಬರ್, ರ‍್ಯಾಂಕ್, ಘಟಕ, ಗಾಯದ ದಿನಾಂಕ ಎಲ್ಲವನ್ನೂ ಹಾಕಿ. ದಿನಾಂಕ ಖಚಿತವಿಲ್ಲದಿದ್ದರೆ ಮೂರು ತಿಂಗಳ ಅವಧಿ ಕೊಡಿ. ಒಂದೇ ದಿನ ಹೇಳಿ ಅದು ತಪ್ಪಿದರೆ ‘ದಾಖಲೆ ಇಲ್ಲ’ ಎಂಬ ಉತ್ತರ ಬರುತ್ತದೆ, ಅದನ್ನೇ ನಾಳೆ ನಿಮ್ಮ ವಿರುದ್ಧ ಹಿಡಿಯುತ್ತಾರೆ.

ನಿಮ್ಮನ್ನು ಸೇರಿಸಿಕೊಂಡ ಆಸ್ಪತ್ರೆಗೆ ಪ್ರತ್ಯೇಕ ಆರ್‌ಟಿಐ ಹಾಕಿ. ಅಲ್ಲಿ ಕೇಸ್ ಶೀಟ್ ಸಿಗದಿದ್ದರೂ ಅಡ್ಮಿಷನ್ ಮತ್ತು ಡಿಸ್ಚಾರ್ಜ್ ರಿಜಿಸ್ಟರಿನ ಸಾಲು ಸಿಗಬಹುದು. ಆ ಸಾಲಿನಲ್ಲಿ ‘ಜಿಎಸ್‌ಡಬ್ಲ್ಯು’ (ಗುಂಡೇಟಿನ ಗಾಯ), ‘ಸ್ಪ್ಲಿಂಟರ್’, ‘ಬ್ಲಾಸ್ಟ್ ಇಂಜುರಿ’ ಎಂಬ ಒಂದು ಪದವಿದ್ದರೂ ನಿಮ್ಮ ವಾದ ನಿಂತುಕೊಳ್ಳುತ್ತದೆ.

‘ದಾಖಲೆಗಳನ್ನು ನಾಶ ಮಾಡಲಾಗಿದೆ’ ಎಂದು ಉತ್ತರ ಬಂತು. ಇನ್ನೇನು ದಾರಿ?

ಪಿಂಚಣಿಯಿಲ್ಲದೆ ಬಿಡುಗಡೆಯಾದವರ ಸೇವಾ ದಾಖಲೆಗಳನ್ನು 25 ವರ್ಷದ ನಂತರ ನಾಶ ಮಾಡುವ ನಿಯಮ ಭೂಸೇನೆಯಲ್ಲಿದೆ. ಪಿಂಚಣಿದಾರರಾಗಿದ್ದೂ ಈ ಉತ್ತರ ಬಂದರೆ ಒಪ್ಪಬೇಡಿ. ಯಾವ ಆದೇಶದ ಮೇಲೆ, ಯಾವ ದಿನ ನಾಶ ಮಾಡಿದರು, ನಾಶ ಮಾಡಿದ ಅಧಿಕಾರಿಗಳ ಬೋರ್ಡಿನ ನಡಾವಳಿ ಕೊಡಿ ಎಂದು ಕೇಳಿ.

ಶೀಟ್ ರೋಲ್ ಹೋದರೂ ಲಾಂಗ್ ರೋಲ್ ಉಳಿದಿರುತ್ತದೆ. ಅದರಲ್ಲಿ ಪ್ರತಿಯೊಬ್ಬ ಸೈನಿಕನ ಸೇವೆಯ ಸಾರಾಂಶ ಇರುತ್ತದೆ. ಅದರ ಪ್ರತಿ ಕೇಳಿ. ಇನ್ನೊಂದು ಮೂಲ ಘಟಕದ ವಾರ್ ಡೈರಿ. ಯುದ್ಧ ದಿನಚರಿಗಳನ್ನು ಸಾಮಾನ್ಯವಾಗಿ 25 ವರ್ಷಕ್ಕೆ ಮುಕ್ತಗೊಳಿಸಬೇಕು ಎಂಬ ನೀತಿಯನ್ನು ರಕ್ಷಣಾ ಸಚಿವಾಲಯ 2021ರ ಜೂನ್‌ನಲ್ಲಿ ಒಪ್ಪಿತು. ಅವನ್ನು ಸಚಿವಾಲಯದ ಇತಿಹಾಸ ವಿಭಾಗಕ್ಕೆ ಒಪ್ಪಿಸಬೇಕು. 1971ರ ಯುದ್ಧ, 1987ರಿಂದ 1990ರವರೆಗಿನ ಶ್ರೀಲಂಕಾದ ಆಪರೇಷನ್ ಪವನ್ ಈ ಗಡುವನ್ನು ಎಂದೋ ದಾಟಿವೆ, 1999ರ ಕಾರ್ಗಿಲ್ ಕೂಡ ದಾಟಿದೆ. ಡೈರಿಯಲ್ಲಿ ಸಿಪಾಯಿಗಳ ಹೆಸರು ಇಲ್ಲದಿರಬಹುದು. ಆದರೆ ‘ಇಂಥ ಕಂಪನಿ, ಇಂಥ ದಿನ, ಇಷ್ಟು ಜನರಿಗೆ ಗಾಯ’ ಎಂದಿದ್ದರೆ ನಿಮ್ಮ ಮಾತಿಗೆ ಬೆನ್ನೆಲುಬು ಬರುತ್ತದೆ.

ಕಾಗದವೇ ಇಲ್ಲದಿದ್ದರೆ ಜೊತೆಗಿದ್ದವರ ಸಾಕ್ಷಿ ನಡೆಯುತ್ತದೆಯೇ?

ಒಂಟಿಯಾಗಿ ನಡೆಯುವುದು ಕಷ್ಟ. ಆಸ್ಪತ್ರೆಯ ಕಾಗದದ ಜೊತೆಗಿದ್ದರೆ ಚೆನ್ನಾಗಿ ನಡೆಯುತ್ತದೆ. ಅಫಿಡವಿಟ್‌ನಲ್ಲಿ ಸಾಕ್ಷಿಯ ಆರ್ಮಿ ನಂಬರ್, ಆಗಿನ ರ‍್ಯಾಂಕ್, ಕಂಪನಿ, ಪ್ಲಟೂನ್, ಘಟನೆಯ ದಿನ, ಜಾಗ, ತಾನು ಕಣ್ಣಾರೆ ಕಂಡದ್ದು, ಯಾರು ಹೊತ್ತು ತಂದರು ಎಂಬುದಿರಬೇಕು. ‘ಇವರು ಒಳ್ಳೆಯ ಸೈನಿಕರು, ಗಾಯವಾಗಿದ್ದು ನಿಜ’ ಎಂಬ ಹೊಗಳಿಕೆಯ ಅಫಿಡವಿಟ್ಟಿನಿಂದ ಪ್ರಯೋಜನವಿಲ್ಲ. ಐದು ಜನರ ಒಂದೇ ರೀತಿಯ ಟೈಪ್ ಮಾಡಿದ ಹೇಳಿಕೆಗಿಂತ ಆಗಿನ ಕಂಪನಿ ಕಮಾಂಡರ್ ಅಥವಾ ಆರ್‌ಎಂಒ (ಘಟಕದ ವೈದ್ಯಾಧಿಕಾರಿ) ಕೊಟ್ಟ ಒಂದು ಹೇಳಿಕೆ ಹೆಚ್ಚು ತೂಗುತ್ತದೆ.

ದೇಹವೂ ಸಾಕ್ಷಿಯೇ. ಒಳಗೆ ಲೋಹದ ಚೂರು ಉಳಿದಿದ್ದರೆ ಸಾದಾ ಎಕ್ಸ್‌ರೇಯಲ್ಲಿ ಬಿಳಿಯಾಗಿ ಕಾಣುತ್ತದೆ. ಇಸಿಎಚ್‌ಎಸ್ (ಮಾಜಿ ಸೈನಿಕರ ಆರೋಗ್ಯ ಯೋಜನೆ) ಮೂಲಕ ತೆಗೆಸಿ, ರೇಡಿಯಾಲಜಿಸ್ಟರ ವರದಿಯಲ್ಲಿ ಚೂರಿನ ಜಾಗ ಮತ್ತು ಅಳತೆ ಬರೆಸಿಕೊಳ್ಳಿ. ಒಂದು ಮುಖ್ಯ ಎಚ್ಚರಿಕೆ: ಮೈಯಲ್ಲಿ ಸ್ಪ್ಲಿಂಟರ್ ಇರುವ ಶಂಕೆಯಿದ್ದರೆ ಎಂಆರ್‌ಐಗೆ ಮೊದಲು ಅದನ್ನು ತಪ್ಪದೆ ಹೇಳಿ. ಕಬ್ಬಿಣದ ಚೂರು ಆ ಅಯಸ್ಕಾಂತದ ಸೆಳೆತಕ್ಕೆ ಅಲುಗಬಹುದು. ಕಣ್ಣಿನ ಅಥವಾ ನರದ ಹತ್ತಿರವಿದ್ದರೆ ಅಪಾಯ ದೊಡ್ಡದು.

ತಿದ್ದುಪಡಿ ಪತ್ರವನ್ನು ಹೇಗೆ ಬರೆಯಬೇಕು?

ಇಂಗ್ಲಿಷ್ ಅಥವಾ ಹಿಂದಿಯಲ್ಲಿ, ಎರಡು ಪುಟ ಮೀರದಂತೆ. ಕನ್ನಡದ ಕಾಗದಗಳಿದ್ದರೆ ಅನುವಾದ ಮಾಡಿಸಿ ನೋಟರಿಯ ಸಹಿಯೊಂದಿಗೆ ಲಗತ್ತಿಸಿ. ಮೇಲೆ ಆರ್ಮಿ ನಂಬರ್, ರ‍್ಯಾಂಕ್, ಹೆಸರು, ಪಿಪಿಒ ನಂಬರ್. ಮೊದಲ ಪ್ಯಾರಾದಲ್ಲಿ ಬೇಕಾದ್ದನ್ನು ಒಂದೇ ವಾಕ್ಯದಲ್ಲಿ ಹೇಳಿ: ಇಂಥ ದಿನ ಇಂಥ ಕಾರ್ಯಾಚರಣೆಯಲ್ಲಿ ಆದ ಗಾಯವನ್ನು ಬ್ಯಾಟಲ್ ಕ್ಯಾಶುವಲ್ಟಿ ಎಂದು ದಾಖಲಿಸಿ ಪಾರ್ಟ್-2 ಆರ್ಡರ್ ಹೊರಡಿಸಬೇಕು. ಎರಡನೆಯದರಲ್ಲಿ ಘಟನೆ, ಐದಾರು ಸಾಲು ಮಾತ್ರ. ಮೂರನೆಯದರಲ್ಲಿ ಪುರಾವೆಗಳು, ಪ್ರತಿಯೊಂದಕ್ಕೂ ಲಗತ್ತು ಸಂಖ್ಯೆ. ನಾಲ್ಕನೆಯದರಲ್ಲಿ ಆಧಾರ: 2003ರ ಆರ್ಮಿ ಆರ್ಡರ್, 2001ರ ಪತ್ರದ ‘ಇ’ ವರ್ಗ.

ಕಾರ್ಯಾಚರಣೆಯ ಹೆಸರು ತಪ್ಪಬಾರದು. ಕಾರ್ಗಿಲ್ ಆಪರೇಷನ್ ವಿಜಯ್, ಸಿಯಾಚಿನ್ ಮೇಘದೂತ್, ಶ್ರೀಲಂಕಾ ಪವನ್, ಜಮ್ಮು-ಕಾಶ್ಮೀರ ರಕ್ಷಕ್, ಅಸ್ಸಾಂ ರೈನೋ, ನಾಗಾಲ್ಯಾಂಡ್ ಆರ್ಕಿಡ್, 2001-02ರ ಗಡಿ ಜಮಾವಣೆ ಪರಾಕ್ರಮ್. 1999ರಲ್ಲಿ ಕುಪ್ವಾರದಲ್ಲಿ ಗಾಯಗೊಂಡವರು ಕಾರ್ಗಿಲ್ ವರ್ಷವೆಂದು ‘ವಿಜಯ್’ ಎಂದು ಬರೆದು, ದಾಖಲೆಯಲ್ಲಿ ‘ರಕ್ಷಕ್’ ಇದ್ದರೆ, ಇಡೀ ಪತ್ರವೇ ಹಿಂದಿರುಗಬಹುದು.

ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ ರಸೀದಿಯ ಮೇಲೆ ಯಾವ ಪತ್ರ ಎಂದು ಬರೆದಿಡಿ. ಮುಂದಿನ ಎಲ್ಲ ಗಡುವುಗಳ ಲೆಕ್ಕ ಆ ರಸೀದಿಯಿಂದಲೇ. ಬೆಂಗಳೂರಿನ ರೆಕಾರ್ಡ್ಸ್ ಆದರೆ ತುಮಕೂರು, ಕೋಲಾರದಿಂದ 70 ಕಿಲೋಮೀಟರ್ ಆಸುಪಾಸು, ಚಿಕ್ಕಬಳ್ಳಾಪುರ ಇನ್ನೂ ಹತ್ತಿರ. ಖುದ್ದಾಗಿ ಹೋಗಿ ಸ್ವೀಕೃತಿ ಮುದ್ರೆ ಹಾಕಿಸಿಕೊಂಡು ಬರುವುದು ಒಳ್ಳೆಯದು.

ಹೆಸರು, ಊರು ದಾಖಲೆಗೂ ಆಧಾರ್‌ಗೂ ಹೊಂದುವುದಿಲ್ಲ. ಅದರಿಂದ ತೊಂದರೆಯೇ?

ನಮ್ಮ ಕಡೆಯವರಿಗೆ ಇದು ದೊಡ್ಡ ತಲೆನೋವು. ಮನೆಯಲ್ಲಿ ‘ಎನ್. ವೆಂಕಟೇಶಪ್ಪ’, ಸೇನೆಯಲ್ಲಿ ‘ವೆಂಕಟೇಶ್ ಎನ್’, ಆಧಾರ್‌ನಲ್ಲಿ ‘ವೆಂಕಟೇಶಪ್ಪ ನಾರಾಯಣಪ್ಪ’. ಇನಿಶಿಯಲ್ ತಂದೆಯದೋ ಊರಿನದೋ ಎಂಬುದು ಉತ್ತರದ ಕ್ಲರ್ಕಿಗೆ ತಿಳಿಯುವುದಿಲ್ಲ. ಊರಿನ ವಿಷಯವೂ ಹಾಗೇ. ಚಿಕ್ಕಬಳ್ಳಾಪುರ 2007ರಲ್ಲಿ ಪ್ರತ್ಯೇಕ ಜಿಲ್ಲೆಯಾಯಿತು, ಅದಕ್ಕೂ ಮೊದಲು ಸೇರಿದ ಚಿಂತಾಮಣಿ, ಶಿಡ್ಲಘಟ್ಟ, ಬಾಗೇಪಲ್ಲಿ, ಗೌರಿಬಿದನೂರಿನವರ ದಾಖಲೆಯಲ್ಲಿ ‘ಕೋಲಾರ ಜಿಲ್ಲೆ’ ಎಂದೇ ಇರುತ್ತದೆ. ‘ತುಮ್ಕೂರ್’ ಅಧಿಕೃತವಾಗಿ ‘ತುಮಕೂರು’ ಆದದ್ದು 2014ರ ನವೆಂಬರ್ 1ರಂದು.

ಜಿಲ್ಲೆಯ ವ್ಯತ್ಯಾಸಕ್ಕೆ ಪತ್ರದಲ್ಲಿ ಒಂದು ಸಾಲಿನ ವಿವರಣೆ ಸಾಕು. ಹೆಸರಿನ ವ್ಯತ್ಯಾಸಕ್ಕೆ ಇಬ್ಬರೂ ಒಬ್ಬರೇ ಎಂಬ ಅಫಿಡವಿಟ್ ಬೇಕು. ಈ ಕೆಲಸವನ್ನು ಮೊದಲು ಮುಗಿಸಿ. ಗಾಯದ ನಮೂದು ಒಪ್ಪಿಗೆಯಾದ ಮೇಲೂ ಹೆಸರು ಹೊಂದದೆ ಪಿಂಚಣಿ ಆದೇಶ ನಿಂತುಬಿಡುತ್ತದೆ.

ಶೇಪ್-1 (ಪೂರ್ತಿ ಆರೋಗ್ಯವಂತ) ಕೆಟಗರಿಯಲ್ಲೇ ನಿವೃತ್ತನಾದೆ. ಈಗ ಕಾಲು ನೋಯುತ್ತದೆ. ಸಾಧ್ಯವೇ?

ನಮೂದು ಮತ್ತು ಪದಕ ಸಾಧ್ಯ, ಏಕೆಂದರೆ ಅವಕ್ಕೆ ಬೇಕಿರುವುದು ಗಾಯವಾದದ್ದರ ಪುರಾವೆ. ವಾರ್ ಇಂಜುರಿ ಎಲಿಮೆಂಟ್ ಕಷ್ಟ. ಬಿಡುಗಡೆಯಾಗುವಾಗ ಮೆಡಿಕಲ್ ಬೋರ್ಡ್ ಅಂಗವೈಕಲ್ಯದ ಶೇಕಡಾವಾರು ನಿಗದಿಮಾಡಿರಬೇಕು, ಅವಧಿ ಮುಗಿಸಿ ಬಂದವರಿಗೆ ಅದು ಕನಿಷ್ಠ 20% ಇರಬೇಕು. ಪೂರ್ತಿ ಆರೋಗ್ಯವಂತ ಎಂದು ಸಹಿ ಹಾಕಿ ಬಂದಿದ್ದರೆ ಆ ಶೇಕಡಾವಾರು ಇರುವುದಿಲ್ಲ. ಆದರೂ ಗಾಯದ ನಮೂದು ಆದ ಮೇಲೆ, ಆ ಗಾಯವೇ ಈಗಿನ ತೊಂದರೆಗೆ ಕಾರಣವೆಂದು ತೋರಿಸುವ ವೈದ್ಯಕೀಯ ವರದಿಯೊಂದಿಗೆ ಮೆಡಿಕಲ್ ಬೋರ್ಡ್ ಕೇಳಬಹುದು. ಸುಲಭವೆಂದು ಭರವಸೆ ಕೊಡುವವರನ್ನು ನಂಬಬೇಡಿ.

ಬೋರ್ಡ್ ಈಗಾಗಲೇ ಶೇಕಡಾವಾರು ಕೊಟ್ಟಿದ್ದು ನಂತರ ಸ್ಥಿತಿ ಹದಗೆಟ್ಟಿದ್ದರೆ ಮಾತು ಬೇರೆ. ಆಗ ಮರುಪರಿಶೀಲನೆಗೆ ಅರ್ಜಿ ಕೊಡಿ. ನಮ್ಮ ಭಾಗದವರನ್ನು ಬೆಂಗಳೂರಿನ ವಾಯುಪಡೆ ಕಮಾಂಡ್ ಆಸ್ಪತ್ರೆಗೆ ಕರೆಯಬಹುದು. ಹೋಗುವಾಗ ಹಳೆಯ ಬೋರ್ಡಿನ ಪ್ರತಿಗಳನ್ನು ಒಯ್ಯಿರಿ. ನೋವು ಎಂದಷ್ಟೇ ಹೇಳದೆ, ಮೊಣಕಾಲು ಎಷ್ಟು ಮಡಚುತ್ತದೆ, ಎಷ್ಟು ದೂರ ನಡೆದರೆ ನಿಲ್ಲಬೇಕಾಗುತ್ತದೆ, ಯಾವ ಬೆರಳಿಗೆ ಸ್ಪರ್ಶವಿಲ್ಲ ಎಂದು ಹೇಳಿ. ಬೋರ್ಡ್ ಅಳೆಯುವುದು ಅದನ್ನೇ.

ತಿರಸ್ಕಾರದ ಪತ್ರ ಬಂತು. ಮುಂದೆ?

ಪತ್ರ ತಲುಪಿದ ದಿನವನ್ನು ಲಕೋಟೆಯ ಮೇಲೆ ಬರೆದಿಡಿ, ಲಕೋಟೆಯನ್ನು ಎಸೆಯಬೇಡಿ. ಪಿಂಚಣಿ ತಿರಸ್ಕಾರವಾದರೆ 6 ತಿಂಗಳೊಳಗೆ ಮೊದಲ ಮೇಲ್ಮನವಿ, ಅದೂ ಆಗದಿದ್ದರೆ ಮತ್ತೆ 6 ತಿಂಗಳೊಳಗೆ ಎರಡನೆಯ ಮೇಲ್ಮನವಿ. ಎರಡನ್ನೂ ರೆಕಾರ್ಡ್ ಆಫೀಸ್ ಮೂಲಕವೇ ಕಳಿಸಬೇಕು. ತಿರಸ್ಕಾರದಲ್ಲಿ ಕಾರಣ ಬರೆಯದೆ ‘ನಿಯಮದಲ್ಲಿ ಅವಕಾಶವಿಲ್ಲ’ ಎಂದಷ್ಟೇ ಇದ್ದರೆ, ಮೆಡಿಕಲ್ ಬೋರ್ಡಿನ ನಡಾವಳಿ ಮತ್ತು ಫೈಲ್ ಟಿಪ್ಪಣಿಯನ್ನು ಆರ್‌ಟಿಐನಲ್ಲಿ ಪಡೆದು ಅದಕ್ಕೇ ಉತ್ತರ ಬರೆಯಿರಿ.

ಆಮೇಲೆ ಸಶಸ್ತ್ರ ಪಡೆಗಳ ನ್ಯಾಯಮಂಡಳಿ. 2007ರ ಕಾಯ್ದೆಯ 14ನೇ ಕಲಂ ಪ್ರಕಾರ ಮೂಲ ಅರ್ಜಿ. ಅಂತಿಮ ಆದೇಶ ಬಂದು 6 ತಿಂಗಳೊಳಗೆ ಹಾಕಬೇಕು. ನಿಮ್ಮ ಪತ್ರಕ್ಕೆ 6 ತಿಂಗಳು ಕಳೆದರೂ ಉತ್ತರವೇ ಇಲ್ಲದಿದ್ದರೆ, ಅಲ್ಲಿಂದ ಮುಂದಿನ 6 ತಿಂಗಳೊಳಗೆ ಹಾಕಬಹುದು. ಸ್ಪೀಡ್ ಪೋಸ್ಟ್ ರಸೀದಿ ಬೇಕಾಗುವುದು ಇಲ್ಲೇ. ತಡವಾಗಿದ್ದರೆ ಕಾರಣ ತೋರಿಸಿ ವಿಳಂಬ ಮನ್ನಾ ಕೇಳಬಹುದು. ಬೆಂಗಳೂರಿನಲ್ಲಿ ಕಾಯಂ ಪೀಠವಿಲ್ಲ. ನಿವೃತ್ತರು ತಾವು ವಾಸವಿರುವ ಜಾಗದ ವ್ಯಾಪ್ತಿಯ ಪ್ರಾದೇಶಿಕ ಪೀಠದಲ್ಲೇ ಅರ್ಜಿ ಹಾಕಬಹುದು, ರೆಜಿಮೆಂಟ್ ಇರುವ ಊರಿಗೆ ಹೋಗಬೇಕಿಲ್ಲ.

ಗಾಯವಾಗಿ ಮೂವತ್ತು ವರ್ಷವಾಯಿತು. ತಡವಾಗಲಿಲ್ಲವೇ?

ಪಿಂಚಣಿ ಪ್ರತಿ ತಿಂಗಳು ತಪ್ಪುತ್ತಿರುವ ಹಕ್ಕು, ಹಾಗಾಗಿ ತಡ ಎಂಬ ಒಂದೇ ಕಾರಣಕ್ಕೆ ಬಾಗಿಲು ಮುಚ್ಚುವುದಿಲ್ಲ. ಆದರೆ 2008ರ ತರ್ಸೇಮ್ ಸಿಂಗ್ ತೀರ್ಪಿನ ನಂತರ, ಹಿಂಬಾಕಿಯನ್ನು ಅರ್ಜಿ ಹಾಕುವುದಕ್ಕೆ ಹಿಂದಿನ 3 ವರ್ಷಕ್ಕೆ ಸೀಮಿತ ಮಾಡುವುದು ರೂಢಿ. ಮುಂದೂಡಿದ ಒಂದೊಂದು ತಿಂಗಳೂ ಕಳೆದುಕೊಂಡ ಒಂದು ತಿಂಗಳ ಬಾಕಿ.

ಸ್ಪರ್ಶ್ ಪೋರ್ಟಲ್‌ನಲ್ಲೇ ತಿದ್ದಿಸಬಹುದಲ್ಲವೇ?

ಆಗುವುದಿಲ್ಲ. ಸ್ಪರ್ಶ್ ಪಿಂಚಣಿ ಹಂಚುವ ವ್ಯವಸ್ಥೆ. ರೆಕಾರ್ಡ್ ಆಫೀಸ್ ಕಳಿಸಿದ ಪ್ರಸ್ತಾವನೆಯ ಮೇಲೆ ಪ್ರಯಾಗ್‌ರಾಜ್‌ನ ಪಿಸಿಡಿಎ (ರಕ್ಷಣಾ ಲೆಕ್ಕಪತ್ರ ಇಲಾಖೆಯ ಪಿಂಚಣಿ) ಕಚೇರಿ ತಿದ್ದುಪಡಿ ಪಿಪಿಒ ಹೊರಡಿಸಿದಾಗ ಅಲ್ಲಿ ತಾನಾಗಿ ಬದಲಾಗುತ್ತದೆ. ಬಂದ ಮೇಲೆ ಎಲಿಮೆಂಟ್‌ನ ಹೆಸರು, ಶೇಕಡಾವಾರು, ಜಾರಿಯ ದಿನಾಂಕ ಈ ಮೂರನ್ನು ಪರೀಕ್ಷಿಸಿ.

ಯಜಮಾನರು ತೀರಿಕೊಂಡಿದ್ದಾರೆ. ನಾನು ಮುಂದುವರಿಸಬಹುದೇ?

ಮುಂದುವರಿಸಬಹುದು, ತಾಯಿ. ಅವರ ಗಾಯದ ನಮೂದು ಕೇಳುವ, ಅವರಿಗೆ ಸಲ್ಲಬೇಕಿದ್ದ ಬಾಕಿ ಪಡೆಯುವ ಹಕ್ಕು ವಾರಸುದಾರರಿಗಿದೆ. ಪಿಪಿಒದಲ್ಲಿ ನಿಮ್ಮ ಹೆಸರು ಜಂಟಿಯಾಗಿ ಇದೆಯೇ ನೋಡಿ. ಮರಣ ಪ್ರಮಾಣಪತ್ರ, ಕುಟುಂಬದ ವಂಶವೃಕ್ಷ ಬೇಕಾಗುತ್ತವೆ. ಸಾವಿಗೆ ಆ ಗಾಯವೇ ಕಾರಣವೆಂದು ಆಸ್ಪತ್ರೆಯ ಕಾಗದದಲ್ಲಿದ್ದರೆ ಅದನ್ನು ಬೇರೆಯಾಗಿ ತೆಗೆದಿಡಿ. ಕುಟುಂಬ ಪಿಂಚಣಿಯ ದರವೇ ಬದಲಾಗಬಹುದು.

ನಾನು ಬಿಎಸ್‌ಎಫ್ ಅಥವಾ ಸಿಆರ್‌ಪಿಎಫ್‌ನಲ್ಲಿದ್ದೆ. ಇದೇ ದಾರಿಯೇ?

ಅಲ್ಲ. ಅವು ಗೃಹ ಸಚಿವಾಲಯದ ಪಡೆಗಳು. ಪಿಂಚಣಿ ನಿಯಮ ಬೇರೆ, ನ್ಯಾಯಮಂಡಳಿ ಅನ್ವಯಿಸುವುದಿಲ್ಲ, ಹೈಕೋರ್ಟಿಗೆ ಹೋಗಬೇಕು. ಆರ್‌ಟಿಐ ಕಾಯ್ದೆಯ ಎರಡನೆಯ ಅನುಸೂಚಿಯಲ್ಲಿ ಇರುವುದರಿಂದ ಮಾಹಿತಿ ಪಡೆಯುವುದೂ ಬಿಗಿ.

ಇಲ್ಲಿ ಉಚಿತವಾಗಿ ಯಾರು ನೆರವಾಗುತ್ತಾರೆ?

ನಿಮ್ಮ ಜಿಲ್ಲೆಯ ಹೊಣೆ ಹೊತ್ತ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಕಚೇರಿ ರೆಕಾರ್ಡ್ ಆಫೀಸಿಗೆ ಪತ್ರ ಬರೆದು ಬೆನ್ನುಹತ್ತಬಹುದು. ಅದು ಎಲ್ಲಿದೆ ಎಂದು ಗೊತ್ತಿಲ್ಲದಿದ್ದರೆ ಜಿಲ್ಲಾಧಿಕಾರಿ ಕಚೇರಿಯಲ್ಲಿ ಕೇಳಿ. ಕಾನೂನಿನ ನೆರವಿಗೆ ಜಿಲ್ಲಾ ನ್ಯಾಯಾಲಯದ ಆವರಣದಲ್ಲಿರುವ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರವಿದೆ. ಸೈನಿಕರಿಗೆ, ಮಾಜಿ ಸೈನಿಕರಿಗೆ ಮತ್ತು ಅವರ ಕುಟುಂಬದವರಿಗೆಂದೇ ನಾಲ್ಸಾ (ರಾಷ್ಟ್ರೀಯ ಕಾನೂನು ಸೇವೆಗಳ ಪ್ರಾಧಿಕಾರ) 2025ರ ಜುಲೈ 26ರಂದು ವೀರ್ ಪರಿವಾರ್ ಸಹಾಯತಾ ಯೋಜನೆ ಶುರುಮಾಡಿದೆ. ಸೈನಿಕ ಕಲ್ಯಾಣ ಕಚೇರಿಗಳಲ್ಲಿ ಕಾನೂನು ನೆರವಿನ ಕೇಂದ್ರ ಇಡುವುದು ಅದರ ಭಾಗ.

ಬಾಕಿ ಹಣದಲ್ಲಿ ಇಷ್ಟು ಪಾಲು ಕೊಡಿ ಎಂದು ಬಾಂಡ್ ಬರೆಸಿಕೊಳ್ಳುವ ದಲ್ಲಾಳಿಗಳ ಹತ್ತಿರ ಹೋಗಬೇಡಿ. ಅವರ ಕೈಗೆ ಮೂಲ ಡಿಸ್ಚಾರ್ಜ್ ಬುಕ್ ಕೊಟ್ಟು, ಅದನ್ನು ವಾಪಸ್ ಪಡೆಯಲು ಹಣ ಕಟ್ಟಬೇಕಾಗಿ ಬರುವ ಸ್ಥಿತಿ ಯಾರಿಗೂ ಬೇಡ. ಈ ಕೆಲಸಕ್ಕೆ ಮೊದಲು ಬೇಕಾದ ಖರ್ಚು 10 ರೂಪಾಯಿಯ ಪೋಸ್ಟಲ್ ಆರ್ಡರ್ ಮತ್ತು ಒಂದು ಸ್ಪೀಡ್ ಪೋಸ್ಟ್ ಅಷ್ಟೇ.